ಅಜ್ಜನ ನಾಡಿಗೆ ವಾಪಸ್ ಬಂದ ಕೊರಿಯನ್ನರು: ಕೇರಿ ಕಟ್ಟಿಕೊಂಡಿದ್ದು ಹೇಗೆ?

ಹೊಳೆದಂಡೆ (ಚರ್ಚೆ ಶುರು ಮಾಡಿದವರು)

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಮೆಟ್ರೋದ ಎರಡನೇ ಲೈನಿನಲ್ಲಿ ದೇರಿಮ್ ಅಂತ ಒಂದು ಸ್ಟೇಷನ್ ಇದೆ. 12ನೇ ಗೇಟಿನಿಂದ ಹೊರಗೆ ಬಂದರೆ ಬೋರ್ಡುಗಳೆಲ್ಲ ಚೀನೀ ಅಕ್ಷರಗಳಲ್ಲಿ. ನಾಲ್ಕನೇ ಲೈನ್ ಹಿಡಿದು ದಕ್ಷಿಣಕ್ಕೆ ಅನ್ಸಾನ್‌ಗೆ ಹೋದರೆ ತೆತ್ಗೋಲ್ ಅನ್ನುವ ಕೇರಿ ಸಿಗುತ್ತದೆ. ಅಲ್ಲಿ ಬೋರ್ಡುಗಳು ರಷ್ಯನ್‌ನಲ್ಲಿ. ಆದರೆ ಎರಡೂ ಕಡೆ ಗಲ್ಲಾದಲ್ಲಿ ಕೂತವರ ಮುಖ ನೋಡಿ, ಅಪ್ಪಟ ಕೊರಿಯನ್. ಮನೆತನದ ಹೆಸರು ಕಿಮ್, ಚೋಯ್, ಪಾಕ್. ಇವರೆಲ್ಲ ಅಜ್ಜ-ಮುತ್ತಜ್ಜನ ನಾಡಿಗೆ ವಾಪಸ್ ಬಂದವರು.

ನಾನು ಸುವಾನ್‌ನಲ್ಲಿ ಕೆಲಸ ಮಾಡುತ್ತೇನೆ. ರಜೆ ದಿನ ಈ ಕೇರಿಗಳಿಗೆ ಊಟಕ್ಕೆ ಹೋಗುತ್ತೇನೆ. ಹಾಗೆ ಹೋಗ್ತಾ ಹೋಗ್ತಾ ಇವರ ಬಗ್ಗೆ ಓದೋ ಚಟ ಹತ್ತಿತು. ಈ ವೇದಿಕೆಯಲ್ಲಿ ಕೊರಿಯಾ ಅಂದರೆ ಬರೀ ಧಾರಾವಾಹಿ, ಪಾಪ್ ಹಾಡಿನ ಚರ್ಚೆಯೇ ಜಾಸ್ತಿ. ಸ್ವಲ್ಪ ಇದನ್ನೂ ಮಾತಾಡೋಣ.

ಮೊದಲು ಯಾರು ಯಾರು ಅಂತ ಹೇಳುತ್ತೇನೆ. 1860ರ ದಶಕದಲ್ಲಿ ಕೊರಿಯಾದ ಉತ್ತರದ ಹಮ್‌ಗ್ಯೊಂಗ್ ಕಡೆ ಬರ ಬಂತು. ಹೊಟ್ಟೆಪಾಡಿಗೆ ಜನ ತುಮೆನ್ ನದಿ ದಾಟಿದರು. ಕೆಲವರು ಮಂಚೂರಿಯಾ ಸೇರಿದರು, ಕೆಲವರು ರಷ್ಯಾದ ವ್ಲಾದಿವೊಸ್ತೋಕ್ ಕಡೆ ಹೋದರು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿದ ಮೇಲೆ ಈ ವಲಸೆ ಇನ್ನೂ ಹೆಚ್ಚಾಯಿತು. ಚೀನಾದಲ್ಲಿ ಉಳಿದವರು ಚೋಸನ್‌ಜೋಕ್. 1952ರಲ್ಲಿ ಅವರಿಗಾಗಿ ಯಾನ್‌ಬಿಯನ್ ಸ್ವಾಯತ್ತ ಪ್ರಾಂತ ಆಯಿತು. ರಷ್ಯಾ ಕಡೆ ಹೋದವರ ಗತಿ ಬೇರೆ. 1937ರಲ್ಲಿ ಸ್ಟಾಲಿನ್ ಸರ್ಕಾರ ಇವರನ್ನು ಜಪಾನಿನ ಬೇಹುಗಾರರು ಅಂತ ಅನುಮಾನಿಸಿತು. ಸುಮಾರು 1,72,000 ಜನರನ್ನು ರೈಲಿಗೆ ತುಂಬಿ ಕಜಾಕಿಸ್ತಾನ, ಉಜ್ಬೇಕಿಸ್ತಾನಕ್ಕೆ ಸಾಗಿಸಿತು. ಇವರನ್ನು ಕೊರಿಯಾದಲ್ಲಿ ಗೋರ್ಯೊಇನ್ ಅನ್ನುತ್ತಾರೆ. ಮೂರನೆಯವರು ಸಖಾಲಿನ್ ದ್ವೀಪದವರು. ಅವರದು ಇನ್ನೊಂದೇ ಕಥೆ, ಆಮೇಲೆ ಹೇಳುತ್ತೇನೆ.

ದಕ್ಷಿಣ ಕೊರಿಯಾ 1990ರಲ್ಲಿ ಸೋವಿಯತ್ ಒಕ್ಕೂಟದ ಜೊತೆ, 1992ರಲ್ಲಿ ಚೀನಾ ಜೊತೆ ಸಂಬಂಧ ಬೆಳೆಸಿತು. ಅಲ್ಲಿಂದ ಇವರು ಬರಲು ದಾರಿಯಾಯಿತು. ಈಗ ಕೊರಿಯಾದಲ್ಲಿ ಚೋಸನ್‌ಜೋಕ್ ಜನರೇ ಆರು ಲಕ್ಷಕ್ಕಿಂತ ಜಾಸ್ತಿ ಇದ್ದಾರೆ. ಗೋರ್ಯೊಇನ್ ಜನ ಲಕ್ಷದ ಆಸುಪಾಸು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಜಗಳ ಆಡುವವರು ಆಡಬಹುದು. ರಕ್ತಸಂಬಂಧ ಇವರಿಗೆ ವೀಸಾ ಕೊಟ್ಟಿತು, ಅಷ್ಟೇ. ಕೇರಿ ಬೆಳೆದದ್ದು ಅಗ್ಗದ ಬಾಡಿಗೆಯಿಂದ, ಹತ್ತಿರದ ಕಾರ್ಖಾನೆಯಿಂದ, ಮೊದಲು ಬಂದು ನೆಲೆ ನಿಂತ ಸೋದರತ್ತೆಯಿಂದ. ಅಂದರೆ ಯಾವ ಪರದೇಶಿ ವಲಸಿಗರೂ ಮಾಡುವುದನ್ನೇ ಇವರೂ ಮಾಡಿದರು. "ತಾಯ್ನಾಡು" ಅನ್ನೋದು ಕಾಗದದಲ್ಲಿ ಮಾತ್ರ ಕೆಲಸಕ್ಕೆ ಬಂತು.

ಮಾದೇಶ ಮಳವಳ್ಳಿ

ಪಾಸ್‌ಪೋರ್ಟ್ ಚೀನಾದ್ದು, ಮಾತಾಡೋದು ಚೀನೀ, ಬೋರ್ಡು ಚೀನೀ. ಹಾಗಿದ್ದ ಮೇಲೆ ಚೀನಿಯರೇ ಅಲ್ವಾ? ಇದರಲ್ಲಿ "ವಾಪಸ್ ಬಂದ" ಅನ್ನೋ ಸೆಂಟಿಮೆಂಟ್ ಯಾಕೆ? ದುಡ್ಡಿಗೆ ಬಂದಿದ್ದಾರೆ. ತಪ್ಪೇನಿಲ್ಲ, ಆದರೆ ಹಾಗಂತ ಹೇಳಬೇಕು.

ಶ್ರೀಲತಾ ಎಚ್.

ಮಾದೇಶ ಅವರೇ, ಒಂದು ತಿದ್ದುಪಡಿ. ಯಾನ್‌ಬಿಯನ್‌ನಿಂದ ಬಂದ ಹಿರಿಯರು ಮನೆಯಲ್ಲಿ ಆಡುವುದು ಕೊರಿಯನ್ನೇ. ಅಲ್ಲಿ ಕೊರಿಯನ್ ಶಾಲೆಗಳಿದ್ದವು, ಯಾಂಜಿ ನಗರದ ಬೋರ್ಡುಗಳಲ್ಲಿ ಎರಡೂ ಭಾಷೆ ಇತ್ತು. ಅವರ ಉಚ್ಚಾರ ಉತ್ತರದ್ದು. ಸೋಲ್‌ನ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಎಲ್ಲಿಯವರು ಅಂತ ಗೊತ್ತಾಗುತ್ತದೆ. ಅದೇ ಅವರಿಗೆ ಮುಳುವಾಗಿದ್ದು.

"ದುಡ್ಡಿಗೆ ಬಂದರು" ಅನ್ನೋದು ನಿಜ. ಆದರೆ ತಾಯ್ನಾಡೇ ಇವರನ್ನು ದುಡ್ಡಿನ ತಕ್ಕಡಿಯಲ್ಲಿ ತೂಗಿತು ಅನ್ನೋದೂ ಅಷ್ಟೇ ನಿಜ. 1999ರಲ್ಲಿ ಕೊರಿಯಾ ಸರ್ಕಾರ ವಿದೇಶದಲ್ಲಿರುವ ಕೊರಿಯನ್ ಮೂಲದವರಿಗಾಗಿ ಒಂದು ಕಾನೂನು ತಂದಿತು. ಬರೋದು, ಹೋಗೋದು, ಕೆಲಸ, ಆಸ್ತಿ, ಬ್ಯಾಂಕ್ ಎಲ್ಲ ಸುಲಭ. ಆದರೆ ಒಂದು ಷರತ್ತು ಇಟ್ಟರು. 1948ರಲ್ಲಿ ಕೊರಿಯಾ ಗಣರಾಜ್ಯ ಸ್ಥಾಪನೆ ಆದ ಮೇಲೆ ಹೊರಗೆ ಹೋದವರಿಗೆ ಮತ್ತು ಅವರ ಮಕ್ಕಳಿಗೆ ಮಾತ್ರ. ಯಾರು ಹಾಗೆ ಹೋದವರು? ಬಹುಪಾಲು ಅಮೆರಿಕಕ್ಕೆ ಹೋದವರು. ಬರ, ಜಪಾನಿನ ಕಾಟ ಅಂತ ಅದಕ್ಕೂ ಮೊದಲೇ ಓಡಿಹೋದವರ ಮಕ್ಕಳು ಹೊರಗೆ ಉಳಿದರು. ಲಾಸ್ ಏಂಜಲೀಸ್‌ನ ಕಿಮ್ ಒಳಗೆ, ಯಾಂಜಿಯ ಕಿಮ್ ಹೊರಗೆ.

ಇದರ ವಿರುದ್ಧ ಸಂವಿಧಾನ ನ್ಯಾಯಾಲಯಕ್ಕೆ ಹೋದರು. 2001ರ ನವೆಂಬರ್‌ನಲ್ಲಿ ನ್ಯಾಯಾಲಯ ಈ ಭೇದ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂದಿತು. ಸರ್ಕಾರ ತಡಮಾಡಿತು. 2003ರ ನವೆಂಬರ್‌ನಲ್ಲಿ ವೀಸಾ ಮುಗಿದ ಸಾವಿರಾರು ಚೋಸನ್‌ಜೋಕ್ ಜನ ಸೋಲ್‌ನಲ್ಲಿ ಪೌರತ್ವ ಕೇಳಿ ಅರ್ಜಿ ಹಾಕಿದರು, ಚರ್ಚುಗಳಲ್ಲಿ ಉಪವಾಸ ಕೂತರು. ಆಗಿನ ಅಧ್ಯಕ್ಷ ರೋ ಮೂ-ಹ್ಯುನ್ ಉಪವಾಸ ಕೂತವರನ್ನು ನೋಡಲು ಸ್ವತಃ ಚರ್ಚಿಗೆ ಬಂದರು. 2004ರಲ್ಲಿ ಕಾನೂನು ತಿದ್ದಿದರು. ಹಾಗಂತ ಬಾಗಿಲು ಪೂರ್ತಿ ತೆರೆಯಲಿಲ್ಲ. ವೀಸಾ ನಿಯಮದಲ್ಲಿ ಚೀನಾ ಮತ್ತು ಸೋವಿಯತ್ ಕಡೆಯವರಿಗೆ ಬೇರೆ ದಾರಿ ಇಟ್ಟರು. 2007ರಲ್ಲಿ ಬಂದ ಎಚ್-2 ವೀಸಾ ಅದು. ನೆಂಟರನ್ನು ನೋಡಬಹುದಿತ್ತು, ಕಾರ್ಖಾನೆ, ಹೋಟೆಲು, ಕಟ್ಟಡ ಕೆಲಸ ಮಾಡಬಹುದಿತ್ತು. ಹೆಚ್ಚೆಂದರೆ 4 ವರ್ಷ 10 ತಿಂಗಳು, ಆಮೇಲೆ ಹೊರಡಬೇಕಿತ್ತು.

ಪಾಟೀಲ ಬಾಗಲಕೋಟೆ

ಛಲೋ ಬರದೀರಿ ಅಕ್ಕಾರ. ಎಫ್-4 ಅಂತ ಒಂದು ವೀಸಾ ಐತಲ್ಲ, ಅದು ನಮ್ಮ ಒಸಿಐ ಕಾರ್ಡ್ ಥರ ಏನ್ರಿ?

ಶ್ರೀಲತಾ ಎಚ್.

ಹೌದು ಪಾಟೀಲರೇ, ಹೆಚ್ಚುಕಮ್ಮಿ ಹಾಗೇ. ಎಫ್-4 ಅಂದರೆ ವಿದೇಶದಲ್ಲಿರುವ ಕೊರಿಯನ್ ಮೂಲದವರಿಗೆ ಕೊಡುವ ವೀಸಾ. ನಮ್ಮಲ್ಲಿ ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅಲ್ಲಿ ಎಫ್-4 ಇದ್ದವರು ಬಹುಕಾಲ ಕೂಲಿ ಥರದ ಸರಳ ದೈಹಿಕ ಕೆಲಸ ಮಾಡುವ ಹಾಗಿರಲಿಲ್ಲ. ವೀಸಾ ಚೆನ್ನಾಗಿದೆ, ಮತ್ತೆ ಮತ್ತೆ ಮುಂದುವರಿಸಿಕೊಳ್ಳಬಹುದು. ಆದರೆ ಇವರಿಗೆ ಸಿಗುತ್ತಿದ್ದ ಕೆಲಸವೇ ಕೂಲಿ ಕೆಲಸ. ತಾಷ್ಕೆಂಟ್‌ನಲ್ಲಿ ಮೇಷ್ಟ್ರಾಗಿದ್ದವರು ಅನ್ಸಾನ್‌ನ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುತ್ತಿದ್ದರು, ತನಿಖೆ ಬಂದರೆ ಹೆದರುತ್ತಿದ್ದರು.

ಇನ್ನೊಂದು ವಿಷಯ. ಮೊದಲು ಮೂರನೇ ತಲೆಮಾರಿನವರೆಗೆ ಮಾತ್ರ ಕಾನೂನಿನ ಕಣ್ಣಿನಲ್ಲಿ "ನಮ್ಮವರು" ಆಗಿದ್ದರು. ನಾಲ್ಕನೇ ತಲೆಮಾರಿನ ಮಕ್ಕಳು ಅಪ್ಪ-ಅಮ್ಮನ ಜೊತೆ ಬರಬಹುದಿತ್ತು, ಕೊರಿಯಾದ ಶಾಲೆಯಲ್ಲೇ ಓದಬಹುದಿತ್ತು. ವಯಸ್ಕರಾದ ಕೂಡಲೇ ದೇಶ ಬಿಡಬೇಕಿತ್ತು. ಅನ್ಸಾನ್‌ನ ಗೋರ್ಯೊಇನ್ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದು ಇದಕ್ಕೆ. 2019ರಲ್ಲಿ ನಿಯಮ ಬದಲಾಯಿತು.

ಜೀರಿಗೆ ಮೆಣಸು

ಕಾನೂನು ಆಯಿತು, ದೇರಿಮ್ ಬಗ್ಗೆ ನಾನು ಬರೆಯುತ್ತೇನೆ. ಪಕ್ಕದ ಗೂರೊದಲ್ಲಿ ಬಾಡಿಗೆಗೆ ಇದ್ದೆ.

1960ರ ದಶಕದಲ್ಲಿ ಗೂರೊದಲ್ಲಿ ರಫ್ತು ಕಾರ್ಖಾನೆಗಳ ದೊಡ್ಡ ಪ್ರದೇಶ ಎದ್ದಿತು. ಬಟ್ಟೆ, ವಿಗ್, ಎಲೆಕ್ಟ್ರಾನಿಕ್ಸ್. ಹಳ್ಳಿಗಳಿಂದ ಹರೆಯದ ಹುಡುಗಿಯರು ಕೆಲಸಕ್ಕೆ ಬಂದರು. ಅವರು ಮಲಗೋದಕ್ಕೆ ಅಂತ ಗಾರಿಬೋಂಗ್‌ನಲ್ಲಿ ಮನೆ ಮಾಲೀಕರು ಒಂದೊಂದು ಮನೆಯನ್ನೂ ಹತ್ತಾರು ಕೋಣೆಗಳಾಗಿ ಸೀಳಿದರು. ಜೇನುಗೂಡಿನ ಮನೆ ಅಂತ ಕೊರಿಯನ್ನರೇ ಕರೆಯುತ್ತಾರೆ. ಒಬ್ಬರು ಕಾಲು ಚಾಚಿದರೆ ಕೋಣೆ ಮುಗಿಯಿತು, ಶೌಚಾಲಯ ಎಲ್ಲರಿಗೂ ಒಂದೇ. 1990ರ ಹೊತ್ತಿಗೆ ಕಾರ್ಖಾನೆಗಳು ಬೇರೆ ಕಡೆ ಹೋದವು, ಹುಡುಗಿಯರೂ ಹೋದರು, ಕೋಣೆಗಳು ಖಾಲಿ. ಸರಿಯಾಗಿ ಅದೇ ಹೊತ್ತಿಗೆ ಯಾನ್‌ಬಿಯನ್‌ನಿಂದ ಜನ ಬಂದರು. ಮುಂಗಡ ಕೊಡಲು ಕೈಯಲ್ಲಿ ದುಡ್ಡಿಲ್ಲದವರಿಗೆ ಸೋಲ್‌ನಲ್ಲಿ ಸಿಗುತ್ತಿದ್ದ ಮನೆ ಅದೊಂದೇ. ಹೊಳೆದಂಡೆ ಅವರು ಹೇಳಿದ ಅಗ್ಗದ ಬಾಡಿಗೆ ಮಾತು ಇಲ್ಲಿ ಅಕ್ಷರಶಃ ಸತ್ಯ.

ಪಕ್ಕದಲ್ಲೇ ನಮ್‌ಗೂರೊ ಸ್ಟೇಷನ್. ಬೆಳಗಿನ ಜಾವ ನಾಲ್ಕು ಗಂಟೆಗೆ ಅಲ್ಲಿ ಕಟ್ಟಡ ಕೂಲಿಗಳ ಸಂತೆ ಸೇರುತ್ತದೆ. ಬೆನ್ನಿಗೆ ಬ್ಯಾಗು, ಕಾಲಿಗೆ ಸೇಫ್ಟಿ ಶೂ. ಮೇಸ್ತ್ರಿ ಬಂದು ವ್ಯಾನಿಗೆ ಹತ್ತಿಸಿಕೊಂಡು ಹೋಗುತ್ತಾನೆ. ಗಂಡಸರು ಅಲ್ಲಿ, ಹೆಂಗಸರು ಹೋಟೆಲ್ ಅಡುಗೆಮನೆಯಲ್ಲಿ, ಇಲ್ಲವಾದರೆ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಗೆ. ಕೊರಿಯಾದಲ್ಲಿ ಮುದುಕರು ಜಾಸ್ತಿ, ಮಕ್ಕಳಿಗೆ ಪುರುಸೊತ್ತಿಲ್ಲ. ಹಾಸಿಗೆ ಪಕ್ಕದಲ್ಲೇ ಚಾಪೆ ಹಾಕಿಕೊಂಡು ದಿನದ 24 ಗಂಟೆ ಅಲ್ಲೇ ಇರುವ ಆರೈಕೆದಾರರಲ್ಲಿ ಬಹಳ ಮಂದಿ ಚೋಸನ್‌ಜೋಕ್ ಹೆಂಗಸರು. ಭಾಷೆ ಬರುತ್ತದೆ ಅನ್ನೋದೇ ಅವರ ಬಂಡವಾಳ. ನೇಪಾಳದವರಿಗೋ ವಿಯೆಟ್ನಾಮಿನವರಿಗೋ ಈ ಕೆಲಸ ಸಿಗುವುದು ಕಷ್ಟ.

2000ದ ನಂತರ ಗಾರಿಬೋಂಗನ್ನು ಕೆಡವಿ ಹೊಸದಾಗಿ ಕಟ್ಟುತ್ತೇವೆ ಅಂತ ಯೋಜನೆ ಬಂತು. ಜನ ದೇರಿಮ್ ಕಡೆಗೆ ಸರಿದರು. ಎರಡು ಮೆಟ್ರೋ ಲೈನ್ ಕೂಡುವ ಜಾಗ, ಕೆಲಸಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು. ತಮಾಷೆ ಏನಪ್ಪಾ ಅಂದರೆ ಆ ಯೋಜನೆ 2014ರಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ದೇರಿಮ್ ಕೇರಿ ಬೆಳೆದುಬಿಟ್ಟಿತ್ತು. ಕೆಲಸ ಕೊಡಿಸುವ ಏಜೆನ್ಸಿ, ವೀಸಾ ಅರ್ಜಿ ಬರೆದುಕೊಡುವವರು, ವಿಮಾನದ ಟಿಕೆಟ್, ಮೊಬೈಲ್ ಸಿಮ್, ಹಣ ಕಳಿಸುವ ಅಂಗಡಿ, ಮದುವೆ ಹಾಲ್. ಒಂದೇ ಬೀದಿಯಲ್ಲಿ ಜೀವನವೆಲ್ಲ ಮುಗಿಯುತ್ತದೆ.

ಊಟದ ವಿಷಯ ಹೇಳದಿದ್ದರೆ ನನ್ನ ಹೆಸರಿಗೆ ಅವಮಾನ. ಕಡ್ಡಿಗೆ ಚುಚ್ಚಿದ ಕುರಿಮಾಂಸವನ್ನು ಇದ್ದಲಿನ ಮೇಲೆ ಸುಟ್ಟು ಜೀರಿಗೆ, ಖಾರದಪುಡಿ ಉದುರಿಸಿಕೊಂಡು ತಿನ್ನುತ್ತಾರೆ. ಮೊದಲು ಕೊರಿಯನ್ನರು ಕುರಿಮಾಂಸ ಅಂದರೆ ವಾಸನೆ ಅಂತ ಮೂಗು ಮುರಿಯುತ್ತಿದ್ದರು. ಈಗ ಸೋಲ್‌ನ ಯಾವ ಬಡಾವಣೆಗೆ ಹೋದರೂ ಈ ಅಂಗಡಿ ಇದೆ. ಕೊರಿಯನ್ ಅಡುಗೆಯಲ್ಲಿ ಜೀರಿಗೆ ಇಲ್ಲವೇ ಇಲ್ಲ. ನಮ್ಮ ನಾಲಿಗೆಗೆ ಮಾತ್ರ ಪರಿಚಯದ ರುಚಿ.

ಮಾದೇಶ ಮಳವಳ್ಳಿ

ಅದೆಲ್ಲ ಸರಿ. ಆದರೆ ಸಿನಿಮಾಗಳಲ್ಲಿ ಈ ದೇರಿಮ್ ಅಂದರೆ ಚಾಕು-ಚೂರಿ, ಗ್ಯಾಂಗು. ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಜೀರಿಗೆ ಮೆಣಸು

ಬರುತ್ತದೆ ಮಾದೇಶಣ್ಣ, ಸಿನಿಮಾದಲ್ಲಿ ಧಾರಾಳವಾಗಿ ಬರುತ್ತದೆ. ನಾನು ರಾತ್ರಿ ಹನ್ನೊಂದಕ್ಕೆ ಆ ಮಾರ್ಕೆಟ್‌ನಲ್ಲಿ ಒಬ್ಬಳೇ ನಡೆದಿದ್ದೇನೆ. ಕುಡಿದು ಜೋರಾಗಿ ಮಾತಾಡುವವರು ಇರುತ್ತಾರೆ, ಅದು ಕೊರಿಯಾದಲ್ಲಿ ಎಲ್ಲ ಕಡೆಯೂ ಇದೆ. ಕೊಲೆಗಳು ನಡೆದದ್ದಿದೆ, ಇಲ್ಲ ಅನ್ನೋದಿಲ್ಲ. ಆದರೆ ಒಬ್ಬ ಮಾಡಿದ್ದಕ್ಕೆ ಪತ್ರಿಕೆಯವರು ಇಡೀ ಕೇರಿಯ ಹೆಸರು ಬರೆಯುತ್ತಾರೆ. 2017ರಲ್ಲಿ ಬಂದ ಒಂದು ಸಿನಿಮಾದಲ್ಲಿ ಪೊಲೀಸರೂ ಕಾಲಿಡಲು ಹೆದರುವ ಜಾಗ ಅಂತ ತೋರಿಸಿದರು. ಅಲ್ಲಿನ ಚೋಸನ್‌ಜೋಕ್ ಸಂಘಗಳು ಬೀದಿಗೆ ಇಳಿದವು, ಕೋರ್ಟಿಗೂ ಹೋದವು. ನನಗೆ ಅದೇ ಮುಖ್ಯ ಅನಿಸುತ್ತದೆ. 1990ರ ದಶಕದಲ್ಲಿ ಇದೇ ಜನ ಬೈಸಿಕೊಂಡು ಸುಮ್ಮನೆ ಇರುತ್ತಿದ್ದರು, ಯಾಕೆಂದರೆ ವೀಸಾ ಮುಗಿದಿರುತ್ತಿತ್ತು. ಈಗ ಅಂಗಡಿ ಇದೆ, ಸಂಘ ಇದೆ, ಪೌರತ್ವ ಪಡೆದವರು ಇದ್ದಾರೆ. ಕಾಯಂ ವಾಸದ ಪರವಾನಗಿ ಸಿಕ್ಕಿ ಮೂರು ವರ್ಷವಾದ ವಿದೇಶಿಯರು ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು, 2006ರಿಂದ. ಓಟಿದ್ದರೆ ಅಭ್ಯರ್ಥಿಗಳು ಮಾರ್ಕೆಟ್‌ಗೆ ಬಂದು ಕೈ ಮುಗಿಯುತ್ತಾರೆ, ಅದು ಎಲ್ಲ ದೇಶಕ್ಕೂ ಒಂದೇ.

ಹೊಳೆದಂಡೆ

ಒಳ್ಳೆಯ ಮಾಹಿತಿ. ನಾನು ಸಖಾಲಿನ್ ಬಗ್ಗೆ ಬರೆಯುತ್ತೇನೆ ಅಂದಿದ್ದೆ.

ಜಪಾನಿನ ಆಳ್ವಿಕೆಯಲ್ಲಿ ಸಖಾಲಿನ್ ದ್ವೀಪದ ದಕ್ಷಿಣ ಭಾಗದ ಕಲ್ಲಿದ್ದಲು ಗಣಿ, ಮರ ಕಡಿಯುವ ಕೆಲಸಕ್ಕೆ ಕೊರಿಯನ್ನರನ್ನು ಕರೆದೊಯ್ದರು. ಇವರು ಬಹುಪಾಲು ಕೊರಿಯಾದ ದಕ್ಷಿಣ ಭಾಗದವರು. 1945ರಲ್ಲಿ ದ್ವೀಪ ಸೋವಿಯತ್ ಕೈಗೆ ಹೋಯಿತು. ಜಪಾನೀಯರನ್ನು ಹಡಗಿನಲ್ಲಿ ವಾಪಸ್ ಕರೆಸಿಕೊಂಡರು. ಕೊರಿಯನ್ನರನ್ನು ಯಾರೂ ಕರೆಸಿಕೊಳ್ಳಲಿಲ್ಲ. ನಾಲ್ಕು ದಶಕಕ್ಕೂ ಮೇಲೆ ಅವರು ಅಲ್ಲೇ ಕಾದರು.

ಕೊನೆಗೆ ಜಪಾನ್ ಕಟ್ಟಡಕ್ಕೆ ದುಡ್ಡು ಕೊಟ್ಟಿತು, ಕೊರಿಯಾ ಜಾಗ ಕೊಟ್ಟಿತು. 2000ದಲ್ಲಿ ಅನ್ಸಾನ್‌ನಲ್ಲಿ ಇವರಿಗಾಗಿ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯ ಆಯಿತು. 489 ಮನೆಗಳು. ಹೆಸರು "ಗೋಹ್ಯಾಂಗ್ ಮಾಯುಲ್", ಅಂದರೆ ಹುಟ್ಟೂರಿನ ಹಳ್ಳಿ. ಆದರೆ ಅಲ್ಲಿ ಯಾರೂ ಹುಟ್ಟಿದವರಲ್ಲ, ಎಲ್ಲರೂ ಮುದುಕರು. ಯಾಕೆಂದರೆ 1945ರ ಆಗಸ್ಟ್ 15ಕ್ಕಿಂತ ಮೊದಲು ಹುಟ್ಟಿದವರಿಗೆ ಮಾತ್ರ ಅವಕಾಶ. ಮಕ್ಕಳು, ಮೊಮ್ಮಕ್ಕಳು ಸಖಾಲಿನ್‌ನಲ್ಲೇ. ಅಪ್ಪ-ಅಮ್ಮನಿಂದ ಒಮ್ಮೆ ಅಗಲಿದವರು ಈಗ ಮಕ್ಕಳಿಂದ ಅಗಲಬೇಕಾಯಿತು. ಬೇಸಿಗೆ ಬಂದರೆ ಅರ್ಧ ಜನ ಮೊಮ್ಮಕ್ಕಳನ್ನು ನೋಡಲು ಮತ್ತೆ ಸಖಾಲಿನ್‌ಗೆ ವಿಮಾನ ಹತ್ತುತ್ತಿದ್ದರಂತೆ. 2021ರಲ್ಲಿ ಜಾರಿಗೆ ಬಂದ ಕಾನೂನು ಒಬ್ಬ ಮಗ ಅಥವಾ ಮಗಳು ಜೊತೆಗೆ ಬರಬಹುದು ಅಂದಿತು. ಯಾರನ್ನು ಆರಿಸೋದು? ಮೂರು ಮಕ್ಕಳ ತಾಯಿಗೆ ಸರ್ಕಾರ ಕೇಳುವ ಪ್ರಶ್ನೆಯೇ ಇದು? 2024ರಲ್ಲಿ ಅದನ್ನು ತಿದ್ದಿ ಉಳಿದ ಮಕ್ಕಳಿಗೂ ದಾರಿ ಮಾಡಿದರು. ಅಷ್ಟರಲ್ಲಿ ಎಷ್ಟೋ ಹಿರಿಯರು ತೀರಿಹೋಗಿದ್ದರು.

ಇದು ಸರ್ಕಾರ ಕಟ್ಟಿದ ಕೇರಿ. ದೇರಿಮ್ ಜನ ಕಟ್ಟಿದ ಕೇರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ದೇರಿಮ್ ಗಲಾಟೆಯೇ ವಾಸಿ ಅನಿಸುತ್ತದೆ.

ಪಾಟೀಲ ಬಾಗಲಕೋಟೆ

ಹೊಳೆದಂಡೆ ಸಾಹೇಬ್ರ, ಇಲ್ಲಿ ನಿಮ್ಮ ಮಾತು ಒಪ್ಪೂದಿಲ್ಲ ನಾ. ರಕ್ತ ಬರೀ ವೀಸಾ ಕೊಟ್ಟಿತು ಅಂದ್ರಿ. ಆದರ ಸಖಾಲಿನ್ ಮುದುಕರು ಕೂಲಿಗಾಗಿ ಬಂದಿಲ್ಲಲ್ರೀ. ಸಾಯೂದಾದ್ರ ತಮ್ಮ ಮಣ್ಣಾಗ ಸಾಯಬೇಕು ಅಂತ ಬಂದಾರ. ಮಕ್ಕಳನ್ನ ಬಿಟ್ಟು ಬಂದಾರ. ಇದು ಬಾಡಿಗಿ ಲೆಕ್ಕ ಅಲ್ಲ.

ಹೊಳೆದಂಡೆ

ಪಾಟೀಲರೇ, ಸಖಾಲಿನ್ ಮೊದಲ ತಲೆಮಾರಿನ ಮಟ್ಟಿಗೆ ನಿಮ್ಮ ಮಾತಿಗೆ ತೂಕ ಇದೆ. ಅವರು ನಿಜವಾಗಿ ಈ ಮಣ್ಣನ್ನು ಕಂಡವರು, ಇಲ್ಲವೇ ಕಂಡವರ ಮಡಿಲಲ್ಲಿ ಬೆಳೆದವರು. ನಾನು ಹೇಳುವುದು ತಾಷ್ಕೆಂಟ್‌ನಲ್ಲಿ ಹುಟ್ಟಿ, ರಷ್ಯನ್‌ನಲ್ಲೇ ಕನಸು ಕಾಣುವ ಮೂವತ್ತು ವರ್ಷದ ಗೋರ್ಯೊಇನ್ ಹೆಂಗಸಿನ ಬಗ್ಗೆ. ಅವಳಿಗೆ ಇದು ಅಜ್ಜಿಯ ದೇಶ. ಅವಳ ದೇಶ ಆಗಬೇಕಾದರೆ ಇಲ್ಲಿ ಯಾರಾದರೂ ಅವಳ ಸಂಬಳ ವಸೂಲಿ ಮಾಡಿಕೊಡಬೇಕು, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಜೊತೆಗೆ ಬರಬೇಕು.

ಶ್ರೀಲತಾ ಎಚ್.

ಸಂಬಳ ವಸೂಲಿ ಅಂದಿರಲ್ಲ, ಗ್ವಾಂಗ್ಜು ಕಥೆ ಶುರುವಾಗುವುದೇ ಅಲ್ಲಿಂದ.

ನೈಋತ್ಯದ ಗ್ವಾಂಗ್ಜು ನಗರದಲ್ಲಿ ವೋಲ್ಗೊಕ್ ಅಂತ ಒಂದು ಬಡಾವಣೆ. ಹತ್ತಿರದಲ್ಲೇ ಹನಮ್ ಮತ್ತು ಪ್ಯೊಂಗ್‌ದೋಂಗ್ ಕೈಗಾರಿಕಾ ಪ್ರದೇಶಗಳು. 2000ದ ಆಸುಪಾಸಿನಲ್ಲಿ ಕೆಲವೇ ಗೋರ್ಯೊಇನ್ ಜನ ಅಲ್ಲಿಗೆ ಬಂದರು. ಉಜ್ಬೇಕಿಸ್ತಾನದಿಂದ ಬಂದ ಒಬ್ಬ ಹೆಂಗಸಿಗೆ ಮಾಲೀಕ ಸಂಬಳ ಕೊಡಲಿಲ್ಲ. ಆಕೆ ಸಹಾಯ ಕೇಳಿದ್ದು ಒಬ್ಬ ಪಾದ್ರಿಯನ್ನು. ಇಬ್ಬರೂ ಸೇರಿ ಬೇರೆಯವರಿಗೂ ಸಹಾಯ ಮಾಡತೊಡಗಿದರು. ಆಮೇಲೆ ಒಂದೊಂದಾಗಿ ಶಿಶುವಿಹಾರ, ಮಕ್ಕಳ ಕೇಂದ್ರ, ತಂಗುದಾಣ, ಉಚಿತ ದವಾಖಾನೆ, ಕೊನೆಗೆ ಸ್ವಂತ ಎಫ್‌ಎಂ ರೇಡಿಯೋ! ಇವತ್ತು ಅಲ್ಲಿ ಸಾವಿರಾರು ಗೋರ್ಯೊಇನ್ ಜನ ಇದ್ದಾರೆ. ಗ್ವಾಂಗ್ಜು ನಗರ 2013ರಲ್ಲಿ ಗೋರ್ಯೊಇನ್ ಜನರಿಗೆ ನೆರವಾಗಲು ಉಪನಿಯಮ ಮಾಡಿತು. ಕೊರಿಯಾದಲ್ಲಿ ಅಂಥದ್ದು ಅದೇ ಮೊದಲು.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ಅಲ್ಲಿ ಕೂಡ ಗೋರ್ಯೊಇನ್ ಕುಟುಂಬಗಳಿದ್ದವು, ಪೋಲೆಂಡ್, ರೊಮೇನಿಯಾ ಕಡೆ ಓಡಿ ಸಿಕ್ಕಿಹಾಕಿಕೊಂಡಿದ್ದವು. ವೋಲ್ಗೊಕ್ ಕೇರಿಯವರು ಚಂದಾ ಎತ್ತಿದರು. ನೂರಾರು ಜನರಿಗೆ ವಿಮಾನದ ಟಿಕೆಟ್ ಕಳಿಸಿ ಕರೆಸಿಕೊಂಡರು. ಬಂದವರಿಗೆ ಕೋಣೆ ಹಿಡಿದು ಮುಂಗಡ ಕಟ್ಟಿದರು, ಪಾತ್ರೆ-ಹೊದಿಕೆ ಕೊಟ್ಟರು. ಕಾರ್ಖಾನೆಯಲ್ಲಿ ದುಡಿಯುವ ಕೂಲಿಗಳು ಮಾಡಿದ ಕೆಲಸ ಇದು. ಇದಕ್ಕೆ ಬಾಡಿಗೆ ಲೆಕ್ಕವೂ ಸಾಲದು, ಪಾಟೀಲರ ಮಣ್ಣಿನ ಮಾತೂ ಸಾಲದು. ಇವರನ್ನು ಹಿಡಿದಿಟ್ಟಿರುವುದು ಕೊರಿಯಾ ಅಲ್ಲ, ಮಧ್ಯ ಏಷ್ಯಾ. 1937ರ ರೈಲು, ಒಟ್ಟಿಗೆ ತೋಡಿದ ಗುಂಡಿಮನೆ, ಸಾಮೂಹಿಕ ಹೊಲ, ರಷ್ಯನ್ ಭಾಷೆ. ಕೊರಿಯಾ ಬಿಟ್ಟ ಮೇಲೆ ಆದ ಬಂಧ ಅದು.

ಅಲ್ಲಿ ಹೊಂಗ್ ಬೊಮ್-ದೋ ಪ್ರತಿಮೆಯನ್ನೂ ಇಟ್ಟಿದ್ದಾರೆ. 1920ರಲ್ಲಿ ಮಂಚೂರಿಯಾದಲ್ಲಿ ಜಪಾನೀ ಸೇನೆಯನ್ನು ಸೋಲಿಸಿದ ಸೇನಾನಿ ಇವರು. 1937ರಲ್ಲಿ ಎಲ್ಲರ ಜೊತೆ ಅವರನ್ನೂ ಕಜಾಕಿಸ್ತಾನಕ್ಕೆ ಸಾಗಿಸಿದರು. ಕೊನೆಗಾಲದಲ್ಲಿ ಕಿಜಿಲ್‌ಒರ್ದಾದ ಕೊರಿಯನ್ ನಾಟಕಶಾಲೆಯ ಕಾವಲುಗಾರರಾಗಿದ್ದು 1943ರಲ್ಲಿ ತೀರಿಕೊಂಡರು. 2021ರಲ್ಲಿ ಅವರ ಅಸ್ಥಿಯನ್ನು ಕೊರಿಯಾಕ್ಕೆ ತಂದು ದೇಜೊನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಇಟ್ಟರು. 2023ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷದಲ್ಲಿದ್ದರು ಅಂತ ತಗಾದೆ ತೆಗೆದು ಸೇನಾ ಅಕಾಡೆಮಿಯಲ್ಲಿದ್ದ ಅವರ ಪ್ರತಿಮೆಯನ್ನು ತೆಗೆಯುವ ಮಾತೆತ್ತಿದರು. ಸತ್ತ ಮೇಲೂ ವಾಪಸ್ ಬಂದವರಿಗೆ ಪರೀಕ್ಷೆ ತಪ್ಪಲಿಲ್ಲ ನೋಡಿ.

ತುಂಗಭದ್ರಾ ತೀರ

ನಾನು ಶಾಲಾ ಶಿಕ್ಷಕಿ, ಆದ್ದರಿಂದ ಮಕ್ಕಳ ಬಗ್ಗೆ ಕುತೂಹಲ. ಹೀಗೆ ಒಂದೇ ಕೇರಿಯಲ್ಲಿ ಗುಂಪಾಗಿ ಕೂತರೆ ಮಕ್ಕಳು ಕೊರಿಯನ್ ಹೇಗೆ ಕಲಿಯುತ್ತಾರೆ? ಚದುರಿ ಬದುಕಿದರೆ ಬೇಗ ಬೆರೆಯುತ್ತಾರೆ ಅಲ್ವಾ?

ಹೊಳೆದಂಡೆ

ಮೇಡಂ, ಇದು ಈ ಕೇರಿಗಳ ನಿಜವಾದ ತಲೆನೋವು. ಚಂದ ಮಾಡಿ ಹೇಳುವುದಿಲ್ಲ. ಇಂಚಿಯಾನ್‌ನ ಯೋನ್‌ಸು ಕಡೆ ಹಂಬಾಕ್ ಅಂತ ಒಂದು ಕೇರಿ ಇದೆ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಲಸೆ ಬಂದ ಕುಟುಂಬದವರು, ಹೆಚ್ಚಿನವರು ರಷ್ಯನ್ ಮಾತಾಡುವವರು. ಟೀಚರ್ ಗಣಿತದ ಪ್ರಶ್ನೆ ಓದಿದರೆ ಅರ್ಧ ತರಗತಿಗೆ ಅರ್ಥವಾಗುವುದಿಲ್ಲ. ಚುರುಕು ಮಗು ಪಕ್ಕದವನಿಗೆ ರಷ್ಯನ್‌ನಲ್ಲಿ ಹೇಳಿಕೊಡುತ್ತದೆ. ಕೊರಿಯನ್ ಪೋಷಕರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಆಗ ಅನುಪಾತ ಇನ್ನೂ ಏರುತ್ತದೆ. ಕೊರಿಯನ್ ಅಂಗಡಿಯವರಿಗೂ ಸಿಟ್ಟು, ಗಿರಾಕಿಗಳೆಲ್ಲ ರಷ್ಯನ್ ಬೋರ್ಡಿನ ಬೇಕರಿಗೆ ಹೋಗುತ್ತಾರೆ ಅಂತ.

ಆದರೆ "ಚದುರಿ ಬದುಕಲಿ" ಅನ್ನೋದು ನಮಗೆ ಹೇಳಲು ಸುಲಭ. ಬೆಳಗ್ಗೆ ಏಳಕ್ಕೆ ಪಾಳಿಗೆ ಹೋಗುವ ತಾಯಿ ಮಗುವನ್ನು ಯಾರ ಹತ್ತಿರ ಬಿಡಬೇಕು? ಕೇರಿಯಲ್ಲಾದರೆ ಪಕ್ಕದ ಮನೆ ಬಾಬುಷ್ಕಾ (ರಷ್ಯನ್‌ನಲ್ಲಿ ಅಜ್ಜಿ) ಇದ್ದಾಳೆ. ಕೊರಿಯಾದಲ್ಲಿ ತಮ್ಮ ಪೌರರ ಮಕ್ಕಳಿಗೆ ಶಿಶುವಿಹಾರದ ಖರ್ಚು ಸರ್ಕಾರದ್ದು. ಇವರ ಮಕ್ಕಳು ಕಾಗದದಲ್ಲಿ ವಿದೇಶಿಯರು, ಅವರಿಗೆ ಅದು ಇಲ್ಲ. ಅನ್ಸಾನ್ ನಗರ 2018ರಲ್ಲಿ ತನ್ನ ಖಜಾನೆಯಿಂದ ಸ್ವಲ್ಪ ಕೊಡಲು ಶುರು ಮಾಡಿತು. ತೆತ್ಗೋಲ್‌ನಲ್ಲಿ "ನೊಮೊ" ಅನ್ನುವ ಸಂಸ್ಥೆ 2011ರಿಂದ ರಾತ್ರಿ ಶಾಲೆ ನಡೆಸುತ್ತದೆ. ಪಾಳಿ ಮುಗಿಸಿ ಬಂದವರು ಅಲ್ಲಿ ಕೊರಿಯನ್ ಅಕ್ಷರ ತಿದ್ದುತ್ತಾರೆ. ಬೆರೆಯುವ ಕೆಲಸವೂ ಕೇರಿಯ ಒಳಗಿನಿಂದಲೇ ನಡೆಯುತ್ತಿದೆ. ಕೇರಿ ಇಲ್ಲದಿದ್ದರೆ ಆ ರಾತ್ರಿ ಶಾಲೆಯೂ ಇರುತ್ತಿರಲಿಲ್ಲ.

ಜೀರಿಗೆ ಮೆಣಸು

ಆ ಬೇಕರಿ ಬಗ್ಗೆ ಒಂದು ಮಾತು. ತಂದೂರ್ ಒಲೆಯಲ್ಲಿ ಸುಟ್ಟ ಉಜ್ಬೆಕ್ ರೊಟ್ಟಿ, ಸಮ್ಸಾ, ಜೊತೆಗೆ ಕ್ಯಾರೆಟ್ ಕಿಮ್ಚಿ. ಕಿಮ್ಚಿ ಅಂದರೆ ಕೊರಿಯನ್ನರ ಎಲೆಕೋಸಿನ ಉಪ್ಪಿನಕಾಯಿ; ಮಧ್ಯ ಏಷ್ಯಾದಲ್ಲಿ ಆ ಎಲೆಕೋಸು ಸಿಗಲಿಲ್ಲ, ಕ್ಯಾರೆಟ್‌ನಲ್ಲೇ ಮಾಡಿಕೊಂಡರು. ಹಳೆಯ ಸೋವಿಯತ್ ದೇಶಗಳಲ್ಲೆಲ್ಲ ಅದೇ "ಕೊರಿಯನ್ ತಿನಿಸು". ಕೊರಿಯಾದವರಿಗೆ ಮಾತ್ರ ಅದರ ಪರಿಚಯವೇ ಇರಲಿಲ್ಲ!

ಸಮೀರ್ ಭಟ್ಕಳ

ದತ್ತು ಹೋದ ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ಅವರೂ ವಾಪಸ್ ಬಂದವರೇ ತಾನೇ?

ಶ್ರೀಲತಾ ಎಚ್.

ಹೌದು ಸಮೀರ್. 1950ರ ದಶಕದಿಂದ ಈಚೆಗೆ ಸುಮಾರು ಎರಡು ಲಕ್ಷ ಮಕ್ಕಳನ್ನು ಅಮೆರಿಕ, ಯುರೋಪಿಗೆ ದತ್ತು ಕಳಿಸಿದರು. ದೊಡ್ಡವರಾಗಿ ಕೆಲವರು ಸೋಲ್‌ಗೆ ಬಂದು ನೆಲೆಸಿದರು. ಇವರಿಗೆ ಕೇರಿ ಇಲ್ಲ, ಸಂಘ ಇದೆ. 1998ರಲ್ಲಿ ಅವರೇ ಕಟ್ಟಿಕೊಂಡ "ಗೋಲ್" ಅನ್ನುವ ಸಂಸ್ಥೆ ಹೆತ್ತವರನ್ನು ಹುಡುಕಲು, ಭಾಷೆ ಕಲಿಯಲು ನೆರವಾಗುತ್ತದೆ. ಇವರ ಒತ್ತಾಯದಿಂದಲೂ 2011ರಿಂದ ದತ್ತು ಹೋದವರು ಎರಡು ಪೌರತ್ವ ಇಟ್ಟುಕೊಳ್ಳಬಹುದು. 2025ರ ಮಾರ್ಚ್‌ನಲ್ಲಿ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗ, ದತ್ತು ವ್ಯವಹಾರದಲ್ಲಿ ದಾಖಲೆ ತಿರುಚಿದ್ದಕ್ಕೆ, ಹಕ್ಕು ಉಲ್ಲಂಘನೆಗೆ ಸರ್ಕಾರವೂ ಹೊಣೆ ಅಂದಿತು. ಇವರನ್ನು ಚೋಸನ್‌ಜೋಕ್ ಜೊತೆ ಒಂದೇ ಸಾಲಿನಲ್ಲಿ ಇಡಲು ಆಗುವುದಿಲ್ಲ. ಕೈಯಲ್ಲಿ ಅಮೆರಿಕದ್ದೋ ಡೆನ್ಮಾರ್ಕಿನದ್ದೋ ಪಾಸ್‌ಪೋರ್ಟ್ ಇರುತ್ತದೆ. ನೋವು ದೊಡ್ಡದು, ಆದರೆ ಕೂಲಿ ಸಂತೆಗೆ ಹೋಗಿ ನಿಲ್ಲಬೇಕಿಲ್ಲ.

ಮಾದೇಶ ಮಳವಳ್ಳಿ

ಒಂದು ಕೇಳಬೇಕು. ಇಷ್ಟೊಂದು ಜನ ಇಲ್ಲಿಗೆ ಬಂದರೆ ಅಲ್ಲಿ ಯಾನ್‌ಬಿಯನ್‌ನಲ್ಲಿ ಉಳಿದವರು ಯಾರು?

ಜೀರಿಗೆ ಮೆಣಸು

ಅಜ್ಜಿ, ತಾತ, ಮೊಮ್ಮಕ್ಕಳು. 1950ರ ದಶಕದಲ್ಲಿ ಯಾನ್‌ಬಿಯನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊರಿಯನ್ನರಿದ್ದರು. ಈಗ ಮೂರರಲ್ಲಿ ಒಂದು ಪಾಲು ಅನ್ನಬಹುದು. ಹಳ್ಳಿಯ ಕೊರಿಯನ್ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿದವು. ಯಾಂಜಿಯಲ್ಲಿ ಎತ್ತರದ ಕಟ್ಟಡಗಳು ಎದ್ದವು, ಅವುಗಳಲ್ಲಿ ಎಷ್ಟೋ ಮನೆ ದೇರಿಮ್‌ನ ಸಂಬಳದಲ್ಲಿ ಕೊಂಡದ್ದು. ಯಾವ ಊರನ್ನು ಅವರು ನಿಜವಾಗಿ ತಮ್ಮದು ಅನ್ನಬಹುದಿತ್ತೋ ಅದೇ ಖಾಲಿಯಾಯಿತು.

ದುಡ್ಡಿಗೆ ಬಂದರು ಅಂದಿರಿ. ಆ ದುಡ್ಡಿನ ಬೆಲೆಯನ್ನೂ ಹೇಳಿಬಿಡುತ್ತೇನೆ. 2024ರ ಜೂನ್‌ನಲ್ಲಿ ಹ್ವಾಸೊಂಗ್‌ನ ಒಂದು ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿತ್ತು. 23 ಜನ ಸತ್ತರು. ಅವರಲ್ಲಿ 18 ಮಂದಿ ವಿದೇಶಿಯರು, ಹೆಚ್ಚಿನವರು ಚೀನಾದಿಂದ ಬಂದವರು, ಚೋಸನ್‌ಜೋಕ್ ಹೆಂಗಸರೇ ಬಹಳ. ಗುತ್ತಿಗೆ ಏಜೆನ್ಸಿ ಮೂಲಕ ಬಂದಿದ್ದವರು. ಹೊರಗೆ ಹೋಗುವ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ.

ಮಾದೇಶ ಮಳವಳ್ಳಿ

ಇದು ಓದಿರಲಿಲ್ಲ. ಸರಿ, ಇನ್ನೊಂದೇ ಪ್ರಶ್ನೆ. ಕೊರಿಯಾದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ ಅಂತಾರೆ. ಹಾಗಿದ್ದರೆ ಇವರನ್ನು ಕರೆದು ಕೂರಿಸಿಕೊಳ್ಳಬೇಕಿತ್ತಲ್ಲ ಸರ್ಕಾರ?

ಹೊಳೆದಂಡೆ

ಅದೂ ಶುರುವಾಗಿದೆ. ಉತ್ತರ ಚುಂಗ್‌ಚೊಂಗ್‌ನ ಜೇಚೊನ್ ಅನ್ನುವ ಸಣ್ಣ ನಗರದಲ್ಲಿ ಜನಸಂಖ್ಯೆ ಇಳಿಯುತ್ತಿದೆ. 2023ರಿಂದ ಅವರು ಗೋರ್ಯೊಇನ್ ಕುಟುಂಬಗಳನ್ನು ಬನ್ನಿ ಅಂತ ಕರೆಯುತ್ತಿದ್ದಾರೆ. ಬಂದವರಿಗೆ ಮೊದಲ ಕೆಲವು ತಿಂಗಳು ಇರಲು ಜಾಗ, ಭಾಷಾ ತರಗತಿ, ಕೆಲಸ ಹುಡುಕಿಕೊಡುವ ವ್ಯವಸ್ಥೆ. ಬೇರೆ ನಗರಗಳೂ ಕಣ್ಣಿಟ್ಟಿವೆ. 1999ರಲ್ಲಿ ಹೊರಗೆ ಇಟ್ಟಿದ್ದ ಜನರನ್ನೇ ಈಗ ಪೈಪೋಟಿಯಲ್ಲಿ ಕರೆಯುವ ಕಾಲ.

ಬರುತ್ತಾರೆ, ಆದರೆ ನಿಲ್ಲುತ್ತಾರಾ ಅನ್ನೋದು ಬೇರೆ ಮಾತು. ತೆತ್ಗೋಲ್‌ನಲ್ಲಿ ನನಗೆ ಲಗ್ಮನ್ (ಮಧ್ಯ ಏಷ್ಯಾದ ನೂಡಲ್ಸ್) ಬಡಿಸುವ ಅಂಗಡಿಯಾಕೆಯನ್ನು ಕೇಳಿದೆ, ಸಣ್ಣ ಊರಿಗೆ ಹೋಗುತ್ತೀರಾ ಅಂತ. ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿದೆ ಅಂತೆಲ್ಲ ಹೇಳಿದೆ. ಆಕೆ ಕೇಳಿದ್ದು ಎರಡೇ: ಅಲ್ಲಿ ರಷ್ಯನ್ ಬರುವ ಮಕ್ಕಳ ಡಾಕ್ಟರ್ ಇದ್ದಾರಾ? ನಮ್ಮವರು ಎಷ್ಟು ಮನೆ ಇದ್ದಾರೆ?